ಹೆಜಮಾಡಿ ಜಯಕರನ ಭಾನುವಾರ

ಎಲ್ಲ ಅನಾಹುತಕ್ಕೂ ಇಸ್ತ್ರಿ ಮಾಡಿದ ಆ ನೀಲಿ ಅಂಗಿಯೇ ಕಾರಣ. ಉಳಿದ ಭಾನುವಾರಗಳಂತೆ ಸದಾನಂದ ಬನಿಯನ್, ಲುಂಗಿಯಲ್ಲಿ ಹಾಲಿನ ಪ್ಯಾಕೆಟ್ಟು ತರಲು ಇಳಿದಿದ್ದರೆ ಮುಂಬೈಯ ಚೆಂಬೂರಿನ ಆ ಹಳೇ ಬಿಲ್ಡಿಂಗಿನಲ್ಲಿ ಒಬ್ಬರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅವತ್ತು ಮಾತ್ರ ಅವನು ಅಂಗಿಗೆ ಇಸ್ತ್ರಿ ಹಾಕಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಚಪ್ಪಲಿಯನ್ನು ಸಹ ಒರೆಸಿಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದ. ಅದೇ ಹೊತ್ತಿಗೆ ಎದುರು ಮನೆಯ ಚಂಪಕ್ಕ ಒಣಮೆಣಸಿನ ಮೊರ ಹಿಡಿದು ಹೊರಗೆ ಬಂದರು.

"ಎಂತ ಸದಾನಂದ, ಇಸ್ತ್ರಿ ಅಂಗಿ? ಎಲ್ಲಿಗೆ ಹೊರಟದ್ದು?"

ಸದಾನಂದ ಸುಳ್ಳು ಹೇಳಿ ರೂಢಿಯಿದ್ದ ಮನುಷ್ಯನಲ್ಲ. ಐವತ್ತು ದಾಟಿದರೂ ಅದನ್ನು ಕಲಿಯುವ ಅವಕಾಶ ಅವನಿಗೆ ಸಿಕ್ಕಿರಲಿಲ್ಲ. ಸುಳ್ಳು ಹೇಳುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲ! ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ಯಾವ ಲೋಕಲ್ ಟ್ರೇನು ಹತ್ತಿ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅವನ ಬದುಕಿಗೆ ಏನೂ ಕೊರತೆಯಿಲ್ಲ. ಬೆಳಿಗ್ಗೆ ಲೋಕಲ್‌ನಲ್ಲಿ ಯಾರದೋ ಮೊಣಕೈ ಪಕ್ಕೆಲುಬಿಗೆ ತಾಗುತ್ತಿರುತ್ತದೆ. ಫೋರ್ಟಿನ ಶಿಪ್ಪಿಂಗ್ ಆಫೀಸಿನಲ್ಲಿ ಬಯ್ಯುವುದಕ್ಕಾದರೂ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಮಧ್ಯಾಹ್ನ ಆಫೀಸಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ಗದ್ದಲವೋ ಗದ್ದಲ. ಗುರುತಿಲ್ಲದವರು ಬಂದು ಎದುರಿನ ಕುರ್ಚಿಯಲ್ಲಿ ಕೂತು, "ಚಟ್ನಿ ಇತ್ತ ಕೊಡಿ" ಎನ್ನುತ್ತಾರೆ. ಅಷ್ಟು ಸಾಕಿತ್ತು ಅವನಿಗೆ.

ಕಷ್ಟವೆಲ್ಲ ಭಾನುವಾರದ್ದು. ಹನ್ನೆರಡರ ಹೊತ್ತಿಗೆ ಚಂಪಕ್ಕನ ಅಡುಗೆಮನೆಯಿಂದ ಕೋರಿ ರೊಟ್ಟಿಯ ಕೋಳಿಸಾರಿಗೆ ಮಸಾಲೆ ಹುರಿಯುವ ಪರಿಮಳ ಬಾಗಿಲಿನ ಸಂದಿಯಲ್ಲಿ ನುಗ್ಗಿ ಬರುತ್ತಿತ್ತು. ಊಟವಾದ ಮೇಲೆ ಮೇಲಿನ ಮಹಡಿಯ ಶರಣಬಸಪ್ಪನವರ ಮನೆಯಲ್ಲಿ ಇಸ್ಪೀಟು ಶುರುವಾಗುತ್ತಿತ್ತು. ಬಿಲ್ಡಿಂಗಿನ ಗಂಡಸರೆಲ್ಲ ಸೇರಿ ಹೋ ಎಂದು ನಗುತ್ತಿದ್ದರು. ಸದಾನಂದ ತಾನೇ ಮಾಡಿಕೊಂಡ ಅನ್ನ ಸಾರನ್ನು ತಟ್ಟೆಗೆ ಹಾಕಿಕೊಂಡು ಗೋಡೆ ನೋಡುತ್ತ ಉಣ್ಣುತ್ತಿದ್ದ. ಅಡುಗೆ ಕೆಟ್ಟದಾಗಿರುತ್ತಿತ್ತು ಎಂದಲ್ಲ. ಎದುರಿಗೆ ಒಂದು ಮುಖವಿಲ್ಲದೆ ಅನ್ನ ಅವನ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಸ್ಟೇಷನ್ ರಸ್ತೆಯ 'ದ್ರಾಕ್ಷಿ ಚಪ್ಪರ'ದ ಬೋರ್ಡು ಅವನ ಕಣ್ಣಿಗೆ ಬಿತ್ತು. ಮೊದಲು ಅದೂ ಒಂದು ಉಡುಪಿ ಹೋಟೆಲೇ. ಅಪ್ಪ ಗಲ್ಲಾದಿಂದ ಎದ್ದು ಊರಿಗೆ ಹೋದ ಮೇಲೆ ಮಗ ಸಂದೀಪ ದೋಸೆ ಕಾವಲಿ ಇದ್ದ ಜಾಗದಲ್ಲಿ ಗಾಜಿನ ಗೋಡೆ ಎಬ್ಬಿಸಿ, ಅದರ ಹಿಂದೆ ಸ್ಟೀಲಿನ ದೊಡ್ಡ ದೊಡ್ಡ ಟ್ಯಾಂಕು ನಿಲ್ಲಿಸಿ, ನಾಸಿಕದಿಂದ ದ್ರಾಕ್ಷಿ ತರಿಸಿ ವೈನು ಮಾಡಲು ಶುರು ಮಾಡಿದ್ದ. ಹೆಸರಿನ ಕೆಳಗೆ 'ವೈನರಿ ಅಂಡ್ ರೆಸ್ಟೋರೆಂಟ್' ಎಂದು ಬರೆಸಿದ. ಹಳೇ ಗಿರಾಕಿಗಳು ಕೆಲವು ದಿನ ಮುಖ ತಿರುಗಿಸಿಕೊಂಡು ನಡೆದರು. ಆಮೇಲೆ ಮುಖ ತಿರುಗಿಸಿಕೊಂಡೇ ಒಳಗೆ ಬಂದರು. ಈಗ ಅಲ್ಲಿ ಒಂದು ದಿನ ಹಾಡು, ಒಂದು ದಿನ ಮಕ್ಕಳು ಬರೆದ ಚಿತ್ರಗಳು, ಏನಾದರೊಂದು ನಡೆದೇ ಇರುತ್ತಿತ್ತು. ಈ ಭಾನುವಾರದ ಕಾರ್ಯಕ್ರಮವನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದ್ದರು: ದ್ರಾಕ್ಷಿ ತುಳಿಯುವ ಹಬ್ಬ, ಜೊತೆಗೆ 'ಸೋಲೋ ಟೇಬಲ್'. ಯಾರೂ ಜೊತೆಗಿಲ್ಲದವರು ಒಂದೇ ಉದ್ದ ಮೇಜಿನಲ್ಲಿ ಕೂತು ಒಟ್ಟಿಗೆ ಊಟ ಮಾಡಬಹುದು.

ಸದಾನಂದ ಆಫೀಸಿನ ಮೆಟ್ಟಿಲ ಕೆಳಗೆ ನಿಂತು, ಪಿಸುದನಿಯಲ್ಲಿ ಫೋನು ಮಾಡಿ ಜಾಗ ಹಿಡಿದಿದ್ದ. ವೈನು ಅವನಿಗೆ ಬೇಕಿರಲಿಲ್ಲ. ಎಡಕ್ಕೊಬ್ಬರು, ಬಲಕ್ಕೊಬ್ಬರು ಬೇಕಿತ್ತು.

ಇದನ್ನೆಲ್ಲ ಮೆಣಸಿನ ಮೊರ ಹಿಡಿದು ನಿಂತ ಚಂಪಕ್ಕನಿಗೆ ಹೇಗೆ ಹೇಳುವುದು? ನನ್ನ ಹಾಗೆ ಯಾರೂ ಇಲ್ಲದವರ ಜೊತೆ ಕೂತು ಉಣ್ಣಲು ಹೋಗುತ್ತಿದ್ದೇನೆ ಎಂದರೆ ಎದುರು ಮನೆಯವರಿಗೆ ಬೇಸರವಾಗದೇ? ಇಲ್ಲವೆ ಕನಿಕರ ಹುಟ್ಟಿದರೆ? ಕನಿಕರ ಇನ್ನೂ ಕಷ್ಟ. ಸದಾನಂದನ ಬಾಯಿಂದ ಅವನ ಜೀವನದ ಮೊದಲ ಸುಳ್ಳು ಹೊರಬಿತ್ತು.

"ಒಬ್ಬ ಫ್ರೆಂಡ್ ಬಂದಿದ್ದಾನೆ ಚಂಪಕ್ಕ. ಚಿಕ್ಕಂದಿನವನು. ಅವನ ಜೊತೆ ಊಟಕ್ಕೆ."

"ಫ್ರೆಂಡಾ? ನಿನಗಾ?" ಚಂಪಕ್ಕ ಮೊರ ಕೆಳಗಿಟ್ಟರು. "ಎಂತ ಹೆಸರು?"

"ಜಯಕರ."

"ಯಾವ ಊರು?"

"ಹೆಜಮಾಡಿ."

ಕರಾವಳಿಯವರ ಮುಂದೆ ಸುಳ್ಳು ಹೇಳುವವನು ಬೇಕಾದರೆ ಹೆಸರು ಹೇಳಲಿ, ಊರು ಮಾತ್ರ ಹೇಳಬಾರದು. ಊರು ಸಿಕ್ಕಿದರೆ ಮನೆ ಸಿಗುತ್ತದೆ, ಮನೆ ಸಿಕ್ಕಿದರೆ ಅಜ್ಜಿ ಸಿಗುತ್ತಾಳೆ, ಅಜ್ಜಿ ಸಿಕ್ಕಿದ ಮೇಲೆ ಮನುಷ್ಯ ಸಂಬಂಧಿಕನಾಗದೆ ಬೇರೆ ದಾರಿಯೇ ಇಲ್ಲ.

"ಅಯ್ಯೋ ದೇವರೇ, ನನ್ನ ಅಮ್ಮನ ತವರು ಹೆಜಮಾಡಿ ಅಲ್ವಾ! ಕಡಲ ಬದಿಯ ಕೋಡಿಯವನಾ, ಈಚೆ ಬಸ್‌ಸ್ಟ್ಯಾಂಡಿನ ಬದಿಯವನಾ?"

"ಕೋ... ಕೋಡಿ."

"ತೋಟ ಇದ್ದ ಮನೆಯಾ? ಮನೆ ಮುಂದೆ ಬಾವಿ?"

"ಬಾವಿ ಉಂಟು," ಎಂದ ಸದಾನಂದ. ಬಾವಿಯಿಲ್ಲದ ಮನೆ ಆ ಕಡೆ ಎಲ್ಲಿದೆ?

"ಹಾಗಾದ್ರೆ ಗಿರಿಜಕ್ಕನ ಮೊಮ್ಮಗನೇ ಇರಬೇಕು! ಅಪ್ಪನಿಗೆ ಎಂತ ಕೆಲಸ?"

"ಹೋಟೆಲು."

"ಅದು ಗೊತ್ತುಂಟು ಮಾರಾಯ. ಹೋಟೆಲು ಎಲ್ಲಿ?"

ಮುಂಬೈ ಎಂದರೆ ಸಿಕ್ಕಿಬೀಳುತ್ತೇನೆ, ಬೆಂಗಳೂರೆಂದರೆ ಚಂಪಕ್ಕನ ಅಣ್ಣನಿದ್ದಾನೆ. ಈ ಬಿಲ್ಡಿಂಗಿನ ಯಾರ ನೆರಳೂ ಬೀಳದ ಊರನ್ನು ಹುಡುಕಿ ಸದಾನಂದ ಹೇಳಿದ, "ರಾಯಚೂರು."

ಮೇಲಿನ ಮೆಟ್ಟಿಲಿನಲ್ಲಿ ಇಳಿಯುತ್ತಿದ್ದ ಕಾಲುಗಳು ಅಲ್ಲೇ ನಿಂತವು. ಕಾಲಿನ ಹಿಂದೆಯೇ ಶರಣಬಸಪ್ಪನವರ ಮೀಸೆ ಕಾಣಿಸಿತು. ಕಲಬುರಗಿ ಕಡೆಯ ಈ ರಿಟೈರ್ಡ್ ಕಂಟ್ರಾಕ್ಟರು ಬಿಲ್ಡಿಂಗಿನ ಸೊಸೈಟಿಗೆ ಸೆಕ್ರೆಟರಿ. ಯಾರ ಮನೆಯ ನಲ್ಲಿ ಸೋರಿದರೂ, ಯಾರ ಮನೆಗೆ ನೆಂಟರು ಬಂದರೂ ಮೊದಲು ಅವರಿಗೆ ಗೊತ್ತಾಗಬೇಕು.

"ರಾಯಚೂರಂದ್ರೇನ್ರಿ? ನಾ ಅಲ್ಲೇ ಕೆಲಸಾ ಹಿಡಿದಿದ್ದೆ, ಬಾಳ ದಿನ. ಸ್ಟೇಷನ್ ಎದುರಿನ ಉಡುಪಿ ಹೋಟೆಲ್ಲೇನು?"

"ಅದೇ... ಇರಬೇಕು."

"ಅಯ್ಯಯ್ಯ! ದಿನಾ ಮುಂಜಾನಿ ಅಲ್ಲೇ ಇಡ್ಲಿ ತಿಂತಿದ್ದೆ! ಗಲ್ಲಾದ ಬಾಜೂ ಸ್ಟೂಲ್ ಮ್ಯಾಲ ಮಾಲಕರ ಮಗಾ ಕುಂದರ್ತಿದ್ದ, ಹಣಿ ಮ್ಯಾಲ ಒಂದು ಕಲಿ ಇತ್ತು ನೋಡ್ರಿ. ಅಂವನೇ ಜಯಕರ!"

ಹುಟ್ಟಿ ಇನ್ನೂ ಐದು ನಿಮಿಷವಾಗದ ಜಯಕರನಿಗೆ ಆಗಲೇ ಅಜ್ಜಿ, ಬಾವಿ, ಹೋಟೆಲು, ಹಣೆಯ ಮೇಲೊಂದು ಕಲೆ ಎಲ್ಲ ಬಂದಾಗಿತ್ತು. ಸದಾನಂದನಿಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚಾಯಿತು. ತನ್ನ ಅಜ್ಜಿಯ ಹೆಸರನ್ನು ಈ ಬಿಲ್ಡಿಂಗಿನಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ.

"ಇಲ್ಲಿಗೇ ಕರಕೊಂಡು ಬಾ," ಎಂದರು ಚಂಪಕ್ಕ.

"ಇಲ್ಲ ಚಂಪಕ್ಕ, ದ್ರಾಕ್ಷಿ ಚಪ್ಪರದಲ್ಲಿ ಟೇಬಲ್ ಬುಕ್ ಆಗಿದೆ," ಎಂದುಬಿಟ್ಟ ಸದಾನಂದ. ಸುಳ್ಳಿನ ರೂಢಿ ಇಲ್ಲದವನ ಬಾಯಲ್ಲಿ ನಿಜ ಬರುವುದು ಇಂಥ ಹೊತ್ತಿನಲ್ಲೇ.

ಒಳಗಿನಿಂದ ಚಂಪಕ್ಕನ ಮಗಳು ಲಾವಣ್ಯಾ ಮೊಬೈಲು ಹಿಡಿದು ಬಂದಳು. ವಿಲೆ ಪಾರ್ಲೆಯಲ್ಲಿ ಕೆಲಸ ಮಾಡುವ ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅಲ್ಲಲ್ಲಿ ತಡೆಯುತ್ತದೆ. "ಮಮ್ಮಿ, ಯೇ ತೋ ವೈನರಿ ಹೈ. ಫುಲ್ ಆಗ್ತಾ ಇದೆ. ಚಾರ್ ಜನರ ಒಂದೇ ಟೇಬಲ್ ಬಾಕಿ ಹೈ. ಬುಕ್ ಮಾಡ್ಲಾ?"

"ಮಾಡು, ಮಾಡು. ಗಿರಿಜಕ್ಕನ ಮೊಮ್ಮಗ ಚೆಂಬೂರಿಗೆ ಬಂದು ನಾವು ಮಾತಾಡಿಸದಿದ್ರೆ ಊರಿನಲ್ಲಿ ಎಂತ ಹೇಳಿಯಾರು?"

"ಚಂಪಕ್ಕ, ಅಲ್ಲಿ ವೈನು ಗೀನು ಎಲ್ಲ..."

"ದ್ರಾಕ್ಷಿಯದ್ದೇ ಅಲ್ವಾ? ಬಾಣಂತಿಯರಿಗೆ ಔಷಧಿಗೆ ಕೊಡೂದಿಲ್ವಾ? ನೀನು ನಡಿ, ನಾವು ಸೀರೆ ಬದಲಿಸಿ ಬಂದೆವು."

"ನಾನೂ ಬರ್ತೀನ್ರಿ," ಎಂದು ಶರಣಬಸಪ್ಪನವರು ಮೀಸೆ ತಿರುವಿದರು. "ಇವತ್ತಿನ ಇಸ್ಪೀಟ್ ಕ್ಯಾನ್ಸಲ್."

ಸದಾನಂದ ಸ್ಟೇಷನ್ ರಸ್ತೆಯವರೆಗೂ ನೆಪ ಹುಡುಕುತ್ತ ನಡೆದ. ಜಯಕರನಿಗೆ ಜ್ವರ ಬರಿಸೋಣವೇ, ಅಥವಾ ಅರ್ಜೆಂಟಾಗಿ ಊರಿಗೆ ಕಳಿಸಿಬಿಡೋಣವೇ? ಕೊನೆಗೆ ಜ್ವರವೇ ವಾಸಿ ಎನಿಸಿತು. ಆದರೆ ದ್ರಾಕ್ಷಿ ಚಪ್ಪರದ ಬಾಗಿಲು ತಳ್ಳಿ ಒಳಗೆ ಹೋದ ಕೂಡಲೆ ಜಯಕರನೂ ಮರೆತುಹೋದ, ಅವನ ಜ್ವರವೂ ಮರೆತುಹೋಯಿತು.

ಮಧ್ಯದಲ್ಲಿ ಉದ್ದನೆಯ ಮೇಜು, ಎರಡೂ ಬದಿಗೆ ಜನ. ಪಕ್ಕದಲ್ಲಿ ಮರದ ದೊಡ್ಡ ತೊಟ್ಟಿಯಲ್ಲಿ ರಾಶಿ ಕಪ್ಪು ದ್ರಾಕ್ಷಿ. ಸಂದೀಪನೇ ಬಂದು ಕೈ ಹಿಡಿದು, "ಬನ್ನಿ ಸದಾನಂದಣ್ಣ, ನಿಮ್ಮ ಜಾಗ ಇಲ್ಲಿ," ಎಂದು ಕೂರಿಸಿದ. ಎಡಕ್ಕೆ ಬೆಳ್ಳಿಗೂದಲಿನ ಮರಾಠಿ ಟೀಚರು. ಅವರು ತಮ್ಮ ತಟ್ಟೆಯಿಂದ ಒಂದು ಹಪ್ಪಳ ಮುರಿದು ಅವನ ತಟ್ಟೆಗೆ ಹಾಕಿದರು. ತನ್ನ ತಟ್ಟೆಗೆ ಬೇರೆಯವರ ಕೈ ಬಂದು ಎಷ್ಟು ಕಾಲವಾಯಿತೆಂದು ನೆನೆದು ಸದಾನಂದ ಆ ಹಪ್ಪಳವನ್ನೇ ಮೊದಲು ತಿಂದ. ಬಲಕ್ಕೆ ಗಟ್ಟಿಮುಟ್ಟಾದ ಗೃಹಸ್ಥನೊಬ್ಬ ಮುಖ ಗಂಟಿಕ್ಕಿ ಕೂತು ಫೋನಿನಲ್ಲಿ ಕನ್ನಡದಲ್ಲೇ ಗೊಣಗುತ್ತಿದ್ದ. ಫೋನಿಟ್ಟ ಮೇಲೆ ಸದಾನಂದನೇ ಮಾತಾಡಿಸಿದ.

"ನೀವು ಕನ್ನಡದವರಾ?"

"ಹೌದ್ರಿ. ಮರೆಪ್ಪ ಅಂತ. ಯಾದಗಿರಿ ಕಡೀಂವ. ಪನ್ವೇಲ್‌ನ್ಯಾಗ ಬಿಲ್ಡಿಂಗ್ ಕೆಲಸದ ಸೂಪರ್‌ವೈಸರ್."

"ಮನೆಯಲ್ಲಿ ಯಾರೂ ಇಲ್ಲವಾ?" ಎಂದು ಸದಾನಂದ ಅನುಕಂಪದಿಂದ ಕೇಳಿದ.

"ಯಾರೂ ಇಲ್ಲಾ?" ಮರೆಪ್ಪ ಹಣೆ ಚಚ್ಚಿಕೊಂಡ. "ಬೀಗರು ಬಂದು ಕುಂತಾರ್ರಿ ಯಪ್ಪಾ! ಅಡಿಗಿಮನ್ಯಾಗ ಬೀಗರು, ಹಾಲ್‌ನ್ಯಾಗ ಬೀಗರು, ಬಾತ್‌ರೂಮ್ ಮುಂದ ಲೈನು. ಸುಮ್ನ ಒಬ್ಬನ ಕುಂತು ನಾಕು ತುತ್ತು ಉಣ್ಣೂಣಂತ ಸುಳ್ಳು ಹೇಳಿ ಬಂದೀನಿ. ಇಲ್ಲಿ ನೋಡಿದ್ರ ಇಲ್ಲೂ ಮಂದಿನೇ!"

ಸದಾನಂದ ನಕ್ಕ. ಮನಸ್ಸು ಬಿಚ್ಚಿ, ತಲೆ ಹಿಂದಕ್ಕೆ ಹಾಕಿ ನಕ್ಕ. ಅಷ್ಟರಲ್ಲಿ ಸಂದೀಪ ಕೈ ತಟ್ಟಿ, ಎಲ್ಲರೂ ಎದ್ದು ತಮ್ಮ ಬಗ್ಗೆ ಎರಡು ಮಾತು ಹೇಳಬೇಕೆಂದ. ಟೀಚರು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸರದಿ ಸದಾನಂದನಿಗೆ ಬಂತು. ಅವನು ನಿನ್ನೆ ಇಡೀ ದಿನ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ಇತ್ತು. ನಗು ಬರುವಂಥದ್ದೂ ಒಂದಿತ್ತು. ಎದ್ದು ನಿಂತ. ಮೇಜಿನ ಎಲ್ಲ ಮುಖಗಳೂ ಅವನತ್ತ ತಿರುಗಿದವು.

"ನಾನು ಸದಾನಂದ. ನಾನು..."

"ಸದಾನಂದಾ!" ಬಾಗಿಲಿನಿಂದ ಚಂಪಕ್ಕನ ಕೂಗು ಬಂತು. ರೇಷ್ಮೆ ಸೀರೆ, ತಲೆತುಂಬ ಅಬ್ಬಲಿಗೆ ಹೂವು. ಹಿಂದೆ ಲಾವಣ್ಯಾ, ಅವಳ ಹಿಂದೆ ಮೀಸೆ. ಸದಾನಂದ ಪಕ್ಕದವನ ಜೊತೆ ಬಾಯ್ತುಂಬ ನಗುತ್ತಿದ್ದದ್ದನ್ನು ಅವರು ಗಾಜಿನಾಚೆಯಿಂದಲೇ ನೋಡಿಯಾಗಿತ್ತು. ಚಂಪಕ್ಕ ನೆಟ್ಟಗೆ ಮರೆಪ್ಪನ ಮುಂದೆ ಬಂದು ನಿಂತರು. "ಜಯಕರ ಅಲ್ವಾ? ಹೌದು, ಹೌದು, ಮೂಗು ಗಿರಿಜಕ್ಕನದ್ದೇ!"

ಮರೆಪ್ಪ ತನ್ನ ಮೂಗು ಮುಟ್ಟಿ ನೋಡಿಕೊಂಡ. ಸದಾನಂದ ಕುಸಿದು ಕೂತು, ಮೇಜಿನ ಅಡಿಯಲ್ಲಿ ಅವನ ಕೈ ಹಿಡಿದು, "ದಮ್ಮಯ್ಯ, ಒಂದು ಗಂಟೆ ಜಯಕರ ಆಗಿಬಿಡಿ. ಹೆಜಮಾಡಿ. ಚಿಕ್ಕಂದಿನ ಫ್ರೆಂಡು. ಅಪ್ಪನ ಹೋಟೆಲು ರಾಯಚೂರು," ಎಂದು ಒಂದೇ ಉಸಿರಿನಲ್ಲಿ ಪಿಸುಗುಟ್ಟಿದ.

ಬೀಗರಿಗೆ ಬೆಳಗಿನಿಂದ ಸುಳ್ಳು ಹೇಳಿ ಕೈ ಪಳಗಿದ್ದ ಮರೆಪ್ಪ ಎದ್ದು ಕೈ ಮುಗಿದ. "ಹೌದ್ರಿ ಯಕ್ಕಾ, ನಾನೇ ಜಯಕರ, ಇವರ ಸಣ್ಣಂದಿನ ಗೆಳ್ಯಾ. ಅರಾಮದೀರಿ?"

ಚಂಪಕ್ಕನ ಹುಬ್ಬು ಮೇಲೇರಿತು. ಹೆಜಮಾಡಿಯವನ ಬಾಯಲ್ಲಿ ಇದೆಂಥ ಕನ್ನಡ? ಆದರೆ ಶರಣಬಸಪ್ಪನವರು ಮುಂದೆ ನುಗ್ಗಿ ಮರೆಪ್ಪನನ್ನು ಅಪ್ಪಿಕೊಂಡೇಬಿಟ್ಟರು. "ನಮ್ಮ ಕಡೀ ಮಾತು! ರಾಯಚೂರಾಗ ಬೆಳೆದಂವ ಮತ್ತ ಹೆಂಗ ಮಾತಾಡ್ತಾನ್ರಿ ಚಂಪಕ್ಕಾರ? ಹಣಿ ಮ್ಯಾಲಿನ ಕಲಿ ಮಾಸಿ ಹೋಗ್ಯದ, ಆದ್ರ ಗುರ್ತು ಸಿಗಲಾರದೇನು!"

"ಅದೂ ಹೌದು," ಎಂದು ಚಂಪಕ್ಕ ಸಮಾಧಾನಪಟ್ಟರು. "ನಮ್ಮವರ ಹೋಟೆಲು ಇಲ್ಲದ ಊರು ಯಾವುದುಂಟು? ಹೋದಲ್ಲಿಯ ಭಾಷೆ ಬಂದೇ ಬರ್ತದೆ."

ಸಂದೀಪ ಇದನ್ನೆಲ್ಲ ಸಂಭ್ರಮದಿಂದ ನೋಡುತ್ತಿದ್ದ. "ಸದಾನಂದಣ್ಣ, ಚಿಕ್ಕಂದಿನ ಫ್ರೆಂಡಾ? ಬಿಲ್ಡಿಂಗಿನವರೂ ಬಂದಿದ್ದಾರೆ! ಇಷ್ಟು ಜನ ಇದ್ದಾರೆ ಅಂತ ನೀವು ಹೇಳಲೇ ಇಲ್ಲ. ಹಾಗಾದ್ರೆ ನಿಮಗೆ ಈ ಟೇಬಲ್ ಯಾಕೆ? ಹೊರಗೆ ಪಾಪ, ಯಾರೂ ಇಲ್ಲದವರು ಇಬ್ಬರು ಕಾಯ್ತಾ ಇದ್ದಾರೆ."

"ಇಲ್ಲ ಸಂದೀಪ, ನಾನೂ..." ಎಂದು ಸದಾನಂದ ಏನೋ ಹೇಳಹೋದ. ಅಷ್ಟರಲ್ಲಿ ಅವನ ತಟ್ಟೆ ಎದ್ದಿತ್ತು, ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು. ಟೀಚರು ಹೊಸಬರ ತಟ್ಟೆಗೆ ಹಪ್ಪಳ ಮುರಿದು ಹಾಕುತ್ತಿದ್ದರು.

ಕಿಟಕಿಯ ಬದಿಯಲ್ಲಿ ಚಂಪಕ್ಕನ ಟೇಬಲ್ಲಿಗೆ ನಾಲ್ಕೇ ಕುರ್ಚಿ. ಚಂಪಕ್ಕ, ಲಾವಣ್ಯಾ, ಶರಣಬಸಪ್ಪ, ಜಯಕರ. ಸದಾನಂದ ಮೇಜಿನ ಮೂಲೆಯಲ್ಲಿ ನಿಂತ. ಕುರ್ಚಿ ಎಳೆಯಲು ಸುತ್ತ ನೋಡಿದ. ಹಬ್ಬದ ದಿನ, ಒಂದು ಸ್ಟೂಲೂ ಖಾಲಿಯಿರಲಿಲ್ಲ.

"ಕುರ್ಚಿ ಸಿಗೋವರೆಗೆ ತೊಟ್ಟಿಗೆ ಇಳೀರಿ ಸದಾನಂದಣ್ಣ," ಎಂದು ಸಂದೀಪ ಉಪಾಯ ಹೇಳಿದ. "ಯಾರಾದ್ರೂ ಶುರು ಮಾಡಿದ್ರೆ ಉಳಿದವರು ಬರ್ತಾರೆ. ಹೆದರಬೇಡಿ, ಇದು ಕುಡಿಯೋದಕ್ಕಲ್ಲ. ತಮಾಷೆಗೆ. ಆಮೇಲೆ ಗಿಡಕ್ಕೆ ಹಾಕಿಬಿಡ್ತೇವೆ."

ಹೀಗೆ ಸದಾನಂದ ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ದ್ರಾಕ್ಷಿಯ ತೊಟ್ಟಿಗೆ ಇಳಿದ. ಕಾಲಡಿಯಲ್ಲಿ ದ್ರಾಕ್ಷಿ ಪಚಪಚನೆ ಒಡೆಯಿತು. ಉಳಿದವರು ಬರಲಿಲ್ಲ, ಎಲ್ಲರೂ ಊಟ ಮಾಡುತ್ತಿದ್ದರು. ಎಡಗಡೆ ಉದ್ದ ಮೇಜಿನಲ್ಲಿ ಯಾರೂ ಇಲ್ಲದವರು ಒಬ್ಬರ ಮಾತಿಗೊಬ್ಬರು ನಗುತ್ತಿದ್ದರು. ಬಲಗಡೆ ಮರೆಪ್ಪ ಕೈಯಲ್ಲಿ ವೈನಿನ ಗ್ಲಾಸು ಹಿಡಿದು ರಾಯಚೂರಿನ ಹೋಟೆಲಿನ ಕತೆ ಹೇಳುತ್ತಿದ್ದ. ಶರಣಬಸಪ್ಪನವರು ಮೇಜು ಗುದ್ದಿ ನಗುತ್ತಿದ್ದರು. ಚಂಪಕ್ಕ ಔಷಧಿಯೆಂದು ಎರಡು ಗುಟುಕು ಕುಡಿದು ಕೆಂಪಾಗಿದ್ದರು. ಪುಣ್ಯಾತ್ಮ ಸಂದೀಪ ನೀರುದೋಸೆಯ ತಟ್ಟೆಯನ್ನು ತೊಟ್ಟಿಗೇ ತಂದು ಕೊಟ್ಟ. ಸದಾನಂದ ತುಳಿಯುತ್ತಲೇ ತಿಂದ. ಸುತ್ತ ಅಷ್ಟು ಜನರಿದ್ದರು, ಕೆಲವರು ಅವನ ಫೋಟೊ ಕೂಡ ತೆಗೆದರು. ಆದರೂ ಅವನಿಗೆ ಮನೆಯ ಗೋಡೆಯ ಎದುರು ಕೂತಂತೆಯೇ ಆಯಿತು.

ಊಟ ಮುಗಿದು ಎಲ್ಲರೂ ಎದ್ದಾಗ ಅವನು ಕಾಲು ತೊಳೆಯುತ್ತಿದ್ದ. ನೇರಳೆ ಬಣ್ಣ ಹೋಗಲೊಲ್ಲದು. "ಜಯಕರನನ್ನು ನಾವು ಚಾಯಕ್ಕೆ ಕರಕೊಂಡು ಹೋಗ್ತೇವೆ. ರಿಕ್ಷಾದಲ್ಲಿ ಮೂರೇ ಜನ," ಎಂದರು ಚಂಪಕ್ಕ. ಲಾವಣ್ಯಾ ಆಗಲೇ ತನ್ನ ಸ್ಕೂಟಿ ಹತ್ತಿ ಹೊರಟಿದ್ದಳು. "ನೀನು ಕಾಲು ತೊಳೆದು ಮೆಲ್ಲ ನಡಕೊಂಡು ಬಾ."

ಸದಾನಂದ ಮೆಲ್ಲ ನಡೆದುಕೊಂಡು ಬಂದ. ಚಪ್ಪಲಿ ಹೆಜ್ಜೆಹೆಜ್ಜೆಗೂ ಅಂಟಿಕೊಳ್ಳುತ್ತಿತ್ತು. ರಸ್ತೆಯ ನಾಯಿಯೊಂದು ಆ ಸಿಹಿ ವಾಸನೆಗೆ ಬಿಲ್ಡಿಂಗಿನ ಗೇಟಿನ ತನಕ ಜೊತೆಗೆ ಬಂತು. ಮೆಟ್ಟಿಲು ಹತ್ತಿ ನೋಡುತ್ತಾನೆ, ತನ್ನ ಮನೆಯ ಬಾಗಿಲ ಬೀಗ ತೆಗೆದಿದೆ! ಕೈ ಇಡುವಷ್ಟರಲ್ಲಿ ಎದುರು ಬಾಗಿಲಿನಿಂದ ಚಂಪಕ್ಕ ತುಟಿಯ ಮೇಲೆ ಬೆರಳಿಟ್ಟು ಇಣುಕಿದರು.

"ಶ್! ಜಯಕರ ಮಲಗಿದ್ದಾನೆ. ವೈನು ತಲೆಗೆ ಹತ್ತಿತು ಪಾಪ. ನಮ್ಮಲ್ಲಿ ಲಾವಣ್ಯಾಳ ಆಫೀಸಿನ ಮೀಟಿಂಗು ನಡೀತಾ ಉಂಟು. ನಿನ್ನ ಇನ್ನೊಂದು ಕೀ ನನ್ನ ಹತ್ರ ಇತ್ತಲ್ಲ, ಅಲ್ಲೇ ಮಲಗಿಸಿದೆ. ಎಬ್ಬಿಸಬೇಡ ಆಯ್ತಾ?"

ಸದಾನಂದ ತನ್ನ ಮನೆಯ ಹೊಸ್ತಿಲ ಎದುರು, ಮೆಟ್ಟಿಲಿನ ಮೇಲೆ ಕೂತ. ಒಳಗಿನಿಂದ ಗೊರಕೆ ಕೇಳಿಸಿತು. ಮೊದಲು ಸಿಟ್ಟು ಬಂತು. ಆಮೇಲೆ, ಹೇಳಿದರೆ ನಗುತ್ತೀರಿ, ಅವನಿಗೆ ಸಂತೋಷವಾಯಿತು. ಇಷ್ಟು ವರ್ಷ ಹೊರಗಿನಿಂದ ಬಂದಾಗ ಆ ಬಾಗಿಲ ಹಿಂದೆ ಒಂದು ಸದ್ದೂ ಇರುತ್ತಿರಲಿಲ್ಲ. ಇವತ್ತು ಯಾರೋ ಒಬ್ಬರು ಒಳಗಿದ್ದಾರೆ. ಅವನು ಎದ್ದ ಮೇಲೆ ಚಹಾ ಮಾಡಬೇಕು, ಎರಡು ಕಪ್ಪು. ಆಮೇಲೆ ಚಂಪಕ್ಕನನ್ನೂ ಶರಣಬಸಪ್ಪನವರನ್ನೂ ಕರೆದು ನಿಜ ಹೇಳಿಬಿಡಬೇಕು. ಇಂಥ ತಮಾಷೆಗೆ ಯಾರು ನಗದೆ ಇರುತ್ತಾರೆ? ನಕ್ಕ ಮೇಲೆ, ಬರುವ ಭಾನುವಾರ ನೀನೂ ಬಾ ಎಂದು ಅವರೇ ಹೇಳಿಯಾರು.

ಗೊರಕೆ ನಿಂತಿತು. ಮರೆಪ್ಪ ಸದಾನಂದನ ಬಾಚಣಿಗೆಯಿಂದ ತಲೆ ಬಾಚಿಕೊಳ್ಳುತ್ತ ಹೊರಗೆ ಬಂದ. ಫೋನು ಬೊಬ್ಬೆ ಹೊಡೆಯುತ್ತಿತ್ತು. "ಬೀಗರು ಹುಡುಕ್ಲಾಕತ್ತಾರ. ಬರ್ತೀನ್ರಿ," ಎಂದ. ಸದ್ದು ಕೇಳಿ ಎದುರು ಬಾಗಿಲೂ ತೆರೆಯಿತು, ಮೇಲಿನಿಂದ ಶರಣಬಸಪ್ಪನವರೂ ಇಳಿದು ಬಂದರು.

"ಮುಂದಿನ ಭಾನುವಾರ ಮರೀಬೇಡ ಮಾರಾಯ, ಕೋರಿ ರೊಟ್ಟಿ," ಎಂದರು ಚಂಪಕ್ಕ.

"ಊಟ ಆದ ಮ್ಯಾಲ ಮ್ಯಾಲ ಇಸ್ಪೀಟು," ಎಂದರು ಶರಣಬಸಪ್ಪ.

"ತಪ್ಪಸಂಗಿಲ್ರಿ. ಬೀಗರು ಇರೂತನಕಾ ಬರಾಂವನೇ," ಎಂದು ಮರೆಪ್ಪ ಸದಾನಂದನತ್ತ ತಿರುಗಿದ. "ನೀವೂ ಬರ್ತೀರಲ್ರಿ?"

ಸದಾನಂದ ಚಂಪಕ್ಕನ ಮುಖ ನೋಡಿದ.

ಚಂಪಕ್ಕ ಮಮತೆಯಿಂದ ನಕ್ಕರು. "ಅವನಾ? ಅವನಿಗೆ ಜನ ಆಗೂದಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಊಟಕ್ಕೆ ಕರೆದಿದ್ದೆ. 'ಬೇಡ ಚಂಪಕ್ಕ, ಊಟ ಆಯ್ತು' ಅಂದ. ಇನ್ನೊಮ್ಮೆ ಕರೆದೆ, ಆಗಲೂ ಆಯ್ತು ಅಂದ. ಒಬ್ಬನೇ ಇರೂದೇ ಅವನಿಗೆ ಖುಷಿ ಅಂತ ಗೊತ್ತಾಯ್ತು. ಮತ್ತೆ ಉಪದ್ರ ಕೊಡ್ಲಿಕ್ಕೆ ಹೋಗಲಿಲ್ಲ."

"ನಾವೂ ಹಂಗ ನೋಡ್ರಿ," ಎಂದರು ಶರಣಬಸಪ್ಪ. "ಇವ್ರಿಗೆ ಶಾಂತಿ ಬೇಕು. ಆಟಕ್ಕ ಕರೆದು ತ್ರಾಸ ಕೊಡಬಾರ್ದಂತ ಎಲ್ಲಾರಿಗೂ ಹೇಳೀನಿ."

ಸದಾನಂದ ಊಟ ಆಯ್ತು ಎಂದಿದ್ದೇನೋ ನಿಜ. ಊರಿನಲ್ಲಿ ಕರೆದ ಕೂಡಲೆ ಹೋಗಿ ಎಲೆಯ ಮುಂದೆ ಕೂತವರುಂಟೇ? ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ ಕೈ ಹಿಡಿದು ಎಳೆದಾಗ ಹೋಗಬೇಕು. ಆ ಮೂರನೆಯ ಸಲಕ್ಕಾಗಿ ಅವನು ಇಷ್ಟು ವರ್ಷ ಬಾಗಿಲ ಒಳಗೆ ಕೂತಿದ್ದ. ಅವರು ಹೊರಗಿನಿಂದ, ಪಾಪ, ತೊಂದರೆ ಕೊಡಬಾರದೆಂದು ಸುಮ್ಮನಿದ್ದರು.

"ಹಾಗೆಂತ ಇಲ್ಲ ಚಂಪಕ್ಕ," ಎಂದ ಸದಾನಂದ. "ನಿಜ ಹೇಳಬೇಕಾದ್ರೆ, ನನಗೆ..."

ಮರೆಪ್ಪ ಗಾಬರಿಯಾದ. ಈ ಬಡಪಾಯಿ ಈಗ ಎಲ್ಲ ಬಾಯಿಬಿಟ್ಟು ಮಾನ ಕಳೆದುಕೊಳ್ಳುತ್ತಾನೆ ಎಂದುಕೊಂಡು ನಡುವೆಯೇ ಹಾರಿದ.

"ಚಂಪಕ್ಕಾರು ಹೇಳೂದು ಖರೇನೇ ಅದ! ಸಣ್ಣಾಂವ ಇದ್ದಾಗಿಂದ ನಾ ನೋಡೀನಲ್ರಿ. ಸಾಲ್ಯಾಗ ನಾವೆಲ್ಲಾ ಕೂಡಿ ಬುತ್ತಿ ಬಿಚ್ಚಿದ್ರ ಇಂವಾ ದೂರ ಗಿಡದ ಬುಡಕ ಒಬ್ಬನ ಕುಂತು ಉಣ್ಣಾಂವ. ಯಾರರ ಬಾಜೂ ಹೋಗಿ ಕುಂತ್ರ ಎದ್ದು ಹೋಗಾಂವ. ಮಂದಿ ಕಂಡ್ರ ಆಗೂದೇ ಇಲ್ಲ ಇಂವಗ!"

"ನೋಡಿದ್ರಾ!" ಎಂದರು ಚಂಪಕ್ಕ ಗೆಲುವಿನಿಂದ. "ಚಿಕ್ಕಂದಿನ ಫ್ರೆಂಡೇ ಹೇಳಿದ ಮೇಲೆ ಮತ್ತೆಂತ?"

ಸದಾನಂದನ ಬಾಯಿ ತೆರೆದೇ ಇತ್ತು. ಈ ಮನುಷ್ಯ ನನ್ನನ್ನು ಇವತ್ತು ಮಧ್ಯಾಹ್ನದ ಮುಂಚೆ ನೋಡಿಯೇ ಇಲ್ಲ ಎಂದು ಹೇಳಬಹುದಿತ್ತು. ಹಾಗೆಂದರೆ ಗಿರಿಜಕ್ಕನ ಮೊಮ್ಮಗ ಹೋಗುತ್ತಿದ್ದ, ರಾಯಚೂರಿನ ಹೋಟೆಲು ಹೋಗುತ್ತಿತ್ತು. ಒಂಟಿ ಎನ್ನುವ ಹೆಸರಿನ ಜೊತೆ ಸುಳ್ಳ ಎನ್ನುವ ಹೆಸರೂ ಸೇರುತ್ತಿತ್ತು. ಅವನು ಬಾಯಿ ಮುಚ್ಚಿ ತಲೆಯಾಡಿಸಿದ.

ಮರೆಪ್ಪ ಮೆಟ್ಟಿಲಿಳಿಯುವಾಗ ಅವನ ಭುಜ ತಟ್ಟಿ ಕಿವಿಯಲ್ಲಿ, "ಹೆಂಗ? ನಿಮ್ಮ ಮರ್ಯಾದಿ ಉಳಿಸಿದ್ನಿಲ್ರಿ?" ಎಂದು ಕಣ್ಣು ಮಿಟುಕಿಸಿದ. ಶರಣಬಸಪ್ಪನವರು ಅವನನ್ನು ಗೇಟಿನ ತನಕ ಬಿಟ್ಟುಬಂದು, ಸದಾನಂದನ ಪಕ್ಕದಲ್ಲಿ ಹಾದುಹೋಗುವಾಗ ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಮೇಲೆ ಹತ್ತಿದರು.

"ನೀನು ಇನ್ನು ಆರಾಮ ಮಾಡು ಸದಾನಂದ. ಇವತ್ತು ನಿನಗೆ ತುಂಬ ಗಲಾಟೆ ಆಯ್ತು," ಎಂದು ಚಂಪಕ್ಕ ಪ್ರೀತಿಯಿಂದ ಹೇಳಿ, ಅವನಿಗೆ ಕೇಳಿಸದ ಹಾಗೆ ಮೆಲ್ಲಗೆ, ಬಹಳ ಮೆಲ್ಲಗೆ ಬಾಗಿಲು ಹಾಕಿಕೊಂಡರು.